ಅಟ್ಟದ ಟ್ರಂಕಿನಲ್ಲಿ ದೊರೆ ಕಾಲದ ಬೆಳ್ಳಿ, ಕಟ್ ಗ್ಲಾಸ್ ಸಿಕ್ಕಿದೆ. ತೂಕಕ್ಕೆ ಕೊಡೋದಾ, ಇಟ್ಟುಕೊಳ್ಳೋದಾ?

ಮನೆಮಗಳು (ಮೂಡಿಗೆರೆ)
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಜ್ಜ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದರು. 50ರ ದಶಕದಲ್ಲಿ ದೊರೆ ತೋಟ ಮಾರಿ ಊರಿಗೆ ಹೊರಟಾಗ ಬಂಗಲೆ ಸಾಮಾನಲ್ಲಿ ಒಂದಷ್ಟನ್ನ ಅಜ್ಜ ದುಡ್ಡು ಕೊಟ್ಟು ತಗೊಂಡರಂತೆ, ಒಂದಷ್ಟನ್ನ ದೊರೆಸಾನಿ ಹಾಗೇ ಕೊಟ್ಟರಂತೆ. ಅಪ್ಪ ಹೋದ ಮೇಲೆ ಹಳೇ ಮನೆ ಹಂಚು ಬದಲಾಯಿಸೋಕೆ ಅಟ್ಟ ಖಾಲಿ ಮಾಡಿದಾಗ ಆ ಟ್ರಂಕು ಕೆಳಗೆ ಬಂತು. ಗೋಣಿಚೀಲದಲ್ಲಿ ಸುತ್ತಿದ್ದರು, ಎಲ್ಲ ಕಪ್ಪು ಹಿಡಿದಿದೆ.

ಒಳಗಿದ್ದದ್ದು: ಒಂದು ಟೀ ಪಾಟು, ಹಿಡಿಕೆಯ ಎರಡೂ ತುದಿಗೆ ಬಿಳೀ ಉಂಗುರದಂಥದ್ದು ಕೂರಿಸಿದ್ದಾರೆ. ಸುತ್ತ ದೇವರುಗಳನ್ನ ಉಬ್ಬಿಸಿರೋ ಸಕ್ಕರೆ ಬಟ್ಟಲು. ಒಂದು ಡಜನ್‌ಗೂ ಮೇಲೆ ಮುಳ್ಳು ಚಮಚ, ಚಾಕು. ಉಪ್ಪಿನ ಪುಟ್ಟ ಬಟ್ಟಲು ನಾಲ್ಕು, ಒಳಗೆ ನೀಲಿ ಗಾಜು, ಒಂದರ ಗಾಜು ಒಡೆದಿದೆ. ಸರಪಳಿ ಇರೋ ಎರಡು ಚಿಕ್ಕ ಬಿಲ್ಲೆ. ನಾಯಿ ಕೊರಳಿನದು ಅಂದ್ಕೊಂಡಿದ್ವಿ, ಆದರೆ ಒಂದರ ಮೇಲೆ ಶೆರ್ರಿ, ಇನ್ನೊಂದರ ಮೇಲೆ ಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ ಕೊರೆದಿದೆ. ಪಟ್ಟಿಪಟ್ಟಿಯಾಗಿ ನಿಂತಿರೋ ಕಂಬಿಗಳ ಒಂದು ಸ್ಟ್ಯಾಂಡು, ಇದು ಮಾತ್ರ ಕೆಳಗೇ ಇತ್ತು, ಅಪ್ಪ ಇದರಲ್ಲಿ ಕಾಗದ ಪತ್ರ ಸಿಕ್ಕಿಸ್ತಾ ಇದ್ದರು. ಆಮೇಲೆ ಕಟ್ ಗ್ಲಾಸಿನ ಒಂದು ದೊಡ್ಡ ಸೀಸೆ, ಮುಚ್ಚಳ ಕಚ್ಚಿಕೊಂಡಿದೆ, ಆರು ಲೋಟ.

ಪೇಟೆಯಲ್ಲಿ ಒಂದು ಅಂಗಡಿಗೆ ಅಣ್ಣ ತಗೊಂಡು ಹೋಗಿದ್ದ. "ಎಲ್ಲಾ ಜರ್ಮನ್ ಸಿಲ್ವರ್ರು, ಪಾತ್ರೆ ತೂಕಕ್ಕೆ ತಗೋತೀನಿ, ಗಾಜು ಬೇಕಾದ್ರೆ ಬಿಟ್ಟು ಹೋಗಿ" ಅಂದರಂತೆ. ಅಣ್ಣ ಶನಿವಾರ ಕೊಟ್ಟು ಮೂರು ಪಾಲು ಮಾಡೋಣ ಅಂತಿದ್ದಾನೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಕಾಫಿ ಹೂ (ಆಲ್ದೂರು)
ಶನಿವಾರ ಕೊಡಬೇಡಿ. ಬೇರೇನೂ ಗೊತ್ತಿಲ್ಲದೇ ಇದ್ದರೂ ಇದಂತೂ ಹೇಳ್ತೀನಿ. ಬೆಲೆ ಇಲ್ಲದ ಸಾಮಾನನ್ನ ಒಟ್ಟಿಗೆ ತಗೋತೀನಿ ಅಂತ ಯಾರೂ ಆತುರ ಮಾಡಲ್ಲ.

ಅಕ್ಕಸಾಲಿ ಮನೆ (ಹಾಸನ)
ತಂಗೀ, ಮೊದಲು ಒಂದು ಭೂತಗನ್ನಡಿ ತಗೊಂಡು ಪ್ರತಿಯೊಂದರ ಅಡಿ ನೋಡಮ್ಮ. ನಮ್ಮದು ತಲೆಮಾರಿನ ಅಕ್ಕಸಾಲಿ ಮನೆ, ಇಂಥ ಸಾಮಾನು ನಮ್ಮ ತಂದೆ ಕೈಯಲ್ಲೂ ಬಂದು ಹೋಗಿದೆ. ತಂದೆ ಒರೆಗಲ್ಲು ತೆಗೆಯೋ ಮುಂಚೆ ಮುದ್ರೆ ಹುಡುಕೋರು. ಇಂಗ್ಲಿಷ್ ಬೆಳ್ಳಿಗೆ ಒರೆಗಿಂತ ಮುದ್ರೆಯೇ ದೊಡ್ಡ ಸಾಕ್ಷಿ.

ಒಂದು ಕಾಲೆತ್ತಿ ನಡೀತಿರೋ ಸಿಂಹ ಇದ್ದರೆ ಅದು ಸ್ಟರ್ಲಿಂಗ್, ಅಂದ್ರೆ ಸಾವಿರಕ್ಕೆ 925 ಪಾಲು ಅಪ್ಪಟ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಈ ಸಿಂಹ 1544ರಿಂದ ನಡೆದು ಬಂದಿದೆ. ಪಕ್ಕದಲ್ಲಿ ಊರಿನ ಗುರುತು: ಚಿರತೆ ತಲೆ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ (1974ರವರೆಗೆ) ಶೆಫೀಲ್ಡ್. ಮೂರನೆಯದು ಒಂದು ಅಕ್ಷರ, ಅದು ವರ್ಷ. ನಾಲ್ಕನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ರಾಜನದೋ ರಾಣಿಯದೋ ತಲೆ ಇದ್ದರೆ ಅದು ಸುಂಕ ಕಟ್ಟಿದ ಗುರುತು, 1784ರಿಂದ 1890ರವರೆಗೆ ಮಾತ್ರ ಹಾಕ್ತಿದ್ದರು.

ಇವು ಯಾವುದೂ ಇಲ್ಲದೆ ಇ.ಪಿ.ಎನ್.ಎಸ್. ಅಂತ ಇದ್ದರೆ ಮೇಲೆ ಬೆಳ್ಳಿ ಲೇಪ, ಒಳಗೆ ನಿಕ್ಕಲ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದೆ ಅಷ್ಟೆ, ತಾಮ್ರ, ಸತು, ನಿಕ್ಕಲ್ ಬೆರೆತದ್ದು, ಬೆಳ್ಳಿ ಒಂದು ಚೂರೂ ಇಲ್ಲ. ಅದನ್ನೇ ನಾವು ಜರ್ಮನ್ ಸಿಲ್ವರ್ ಅನ್ನೋದು. ಅಂಗಡಿಯವರು ಹೇಳಿದ್ದು ಕೆಲವಕ್ಕೆ ನಿಜ ಇರಬಹುದು. ಎಲ್ಲಕ್ಕೂ ನಿಜ ಅನ್ನೋದನ್ನ ನಾನು ನಂಬಲ್ಲ.

ಗೊರೂರು ಹುಡುಗ
ಲಂಗರು ಇದ್ದರೆ ಹಡಗಿನ ಸಾಮಾನು ಅಲ್ವಾ? ಬರ್ಮಿಂಗ್‌ಹ್ಯಾಮಲ್ಲಿ ಸಮುದ್ರವೇ ಇಲ್ಲ.

ಅಕ್ಕಸಾಲಿ ಮನೆ (ಹಾಸನ)
ಒಳ್ಳೇ ಪ್ರಶ್ನೆ ಕಣಪ್ಪ. ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿಗೆ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತೋ ಕಚೇರಿ ಬಂದದ್ದು ಒಂದೇ ವರ್ಷ, 1773. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ 'ಕ್ರೌನ್ ಅಂಡ್ ಆಂಕರ್' ಅನ್ನೋ ಹೋಟೆಲಲ್ಲಿ ಸೇರ್ತಿದ್ದರು, ಅದರಿಂದಲೇ ಒಬ್ಬರಿಗೆ ಕಿರೀಟ, ಇನ್ನೊಬ್ಬರಿಗೆ ಲಂಗರು ಬಂತು ಅಂತ ಕಥೆ ಹೇಳ್ತಾರೆ.

ರೊಬಸ್ಟಾ ರೈತ (ಸಕಲೇಶಪುರ)
ನಾನು ಬೇರೆ ಮಾತು ಹೇಳ್ತೀನಿ, ಯಾರೂ ಬೈಕೋಬೇಡಿ. ಬೆಳ್ಳಿ ಅಂದ್ರೆ ನಮ್ಮಲ್ಲಿ ಕಷ್ಟಕ್ಕೆ ಆಗೋ ವಸ್ತು. ನಮ್ಮಮ್ಮನ ಕಾಲ್ಗಡಗ ಕರಗಿಸಿ ತಂಗಿ ಮದುವೆಗೆ ಚೆಂಬು ಮಾಡಿಸಿದ್ವಿ, ಆ ಚೆಂಬೇ ಮುಂದೆ ಇನ್ನೊಂದು ಆಗುತ್ತೆ. ಬೆಳ್ಳಿ ಹಾಗೇ ಕೈಯಿಂದ ಕೈಗೆ ರೂಪ ಬದಲಾಯಿಸ್ತಾ ಹೋಗೋದು ನಮ್ಮ ಪದ್ಧತಿ. ದೊರೆ ಟೀ ಕುಡಿದ ಪಾತ್ರೆಯನ್ನ ಗಾಜಿನ ಬೀರುವಲ್ಲಿಟ್ಟು ದಿನಾ ನೋಡೋದರಲ್ಲಿ ನನಗೆ ಅರ್ಥ ಕಾಣಲ್ಲ. ಮೂರು ಜನ ಅಣ್ಣ ತಂಗಿ ಜಗಳ ಇಲ್ಲದೆ ಹಂಚಿಕೊಂಡರೆ ಅದಕ್ಕಿಂತ ದೊಡ್ಡದು ಏನಿದೆ? ಸರಿಯಾದ ಬೆಲೆ ಬರಲಿ, ಅಷ್ಟು ಒಪ್ಪುತ್ತೀನಿ.

ಕಾಫಿ ಹೂ (ಆಲ್ದೂರು)
ರೈತರೇ, ಕಾಲ್ಗಡಗ ಕರಗಿಸಿದರೆ ಇನ್ನೊಂದು ಕಾಲ್ಗಡಗ ಮಾಡೋ ಅಕ್ಕಸಾಲಿ ನಮ್ಮೂರಲ್ಲೇ ಇದ್ದಾರೆ. ಆ ಟೀ ಪಾಟು ಕರಗಿದರೆ ಮತ್ತೆ ಯಾರು ಮಾಡ್ತಾರೆ?

ರೊಬಸ್ಟಾ ರೈತ (ಸಕಲೇಶಪುರ)
ಮತ್ತೆ ಮಾಡಿಸೋ ಅಗತ್ಯ ಯಾರಿಗಿದೆ ಅಂತಲೇ ನಾನು ಕೇಳ್ತಿರೋದು.

ಮನೆಮಗಳು (ಮೂಡಿಗೆರೆ)
ಅಕ್ಕಸಾಲಿ ಅಣ್ಣ, ನೋಡಿದೆ. ಟೀ ಪಾಟಿನ ಅಡಿಯಲ್ಲಿ ಸಿಂಹ ಇದೆ! ಲಂಗರು ಇದೆ, ಒಂದು ಸಣ್ಣ ಅಕ್ಷರ ಇದೆ, ತಲೆ ಯಾವುದೂ ಇಲ್ಲ. ಮುಚ್ಚಳದ ಒಳಗೂ ಪುಟ್ಟ ಸಿಂಹ ಇದೆ. ಉಪ್ಪಿನ ಬಟ್ಟಲಿಗೂ ಸಿಂಹ, ಆದರೆ ಅಲ್ಲಿ ಲಂಗರಿಲ್ಲ, ಕಿರೀಟ. ಮುಳ್ಳು ಚಮಚಗಳಿಗೆ ನೀವು ಹೇಳಿದ ಇ.ಪಿ.ಎನ್.ಎಸ್., ಪಕ್ಕದಲ್ಲಿ ಎ1 ಅಂತಿದೆ. ಸಕ್ಕರೆ ಬಟ್ಟಲಿಗೆ ಪಿ. ಓರ್ ಅಂಡ್ ಸನ್ಸ್, ಮದ್ರಾಸ್ ಅಂತ ಬರೆದಿದೆ, ಸಿಂಹ ಇಲ್ಲ.

ಅಕ್ಕಸಾಲಿ ಮನೆ (ಹಾಸನ)
ನೋಡಿದೆಯಾ. ಪಾಟು ಅಪ್ಪಟ ಸ್ಟರ್ಲಿಂಗ್, ಬರ್ಮಿಂಗ್‌ಹ್ಯಾಮಿನದು. ರಾಣಿ ತಲೆ ಇಲ್ಲ ಅಂದ್ರೆ 1890ರ ಆಮೇಲಿನದು ಅಂತ ಮೊದಲ ಅಂದಾಜು. ಮುಚ್ಚಳಕ್ಕೂ ಮುದ್ರೆ ಇರೋದು ಒಳ್ಳೇದು. ಬೇರೆ ಪಾತ್ರೆ ಮುಚ್ಚಳ ತಂದು ಕೂರಿಸಿದ್ದಲ್ಲ ಅಂತ ಹೇಳೋಕೆ ಬರುತ್ತೆ. ಅಕ್ಷರದ ವರ್ಷ ಹೇಳೋ ಮುಂಚೆ ಒಂದು ಎಚ್ಚರಿಕೆ: ಒಂದೊಂದು ಊರಿನ ಅಕ್ಷರ ಪಟ್ಟಿ ಒಂದೊಂದು ಥರ. ಅದೇ ಅಕ್ಷರ ಲಂಡನ್ನಲ್ಲಿ ಒಂದು ವರ್ಷ, ಬರ್ಮಿಂಗ್‌ಹ್ಯಾಮಲ್ಲಿ ಇನ್ನೊಂದು. ಅಕ್ಷರದ ಶೈಲಿ, ಸುತ್ತಲಿನ ಗುರಾಣಿಯ ಆಕಾರ ಎರಡನ್ನೂ ಹೊಂದಿಸಿ ನೋಡಬೇಕು. ಹತ್ತಿರದಿಂದ ಫೋಟೋ ಹಾಕು. ಮುದ್ರೆ ಮೇಲೆ ಏನೂ ತಿಕ್ಕಬೇಡ, ಸವೆದರೆ ಪಾತ್ರೆಯ ಜಾತಕವೇ ಹೋದ ಹಾಗೆ.

ಚಮಚಗಳು ಲೇಪದವು. ಎ1 ಅನ್ನೋದು ಲೇಪದ ದಪ್ಪದ ದರ್ಜೆ, ಬೆಳ್ಳಿಯ ಶುದ್ಧತೆ ಅಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್‌ನವರು 1840ರಲ್ಲಿ ವಿದ್ಯುತ್ ಲೇಪಕ್ಕೆ ಪೇಟೆಂಟ್ ತಗೊಂಡ ಮೇಲೆ ಇಂಥದ್ದು ಲೋಕಕ್ಕೆಲ್ಲ ಹರಡಿತು. ಅದಕ್ಕೂ ನೂರು ವರ್ಷ ಮುಂಚೆ, 1740ರ ದಶಕದಲ್ಲಿ, ಶೆಫೀಲ್ಡಿನ ಬೌಲ್ಸೋವರ್ ಅನ್ನೋ ಕೆಲಸಗಾರ ತಾಮ್ರದ ಗಟ್ಟಿ ಮೇಲೆ ಬೆಳ್ಳಿ ತಗಡು ಕಾಯಿಸಿ ಬೆಸೆದು, ಎರಡನ್ನೂ ಒಟ್ಟಿಗೆ ತೆಳ್ಳಗೆ ತಟ್ಟೋದು ಕಂಡುಹಿಡಿದಿದ್ದ. ಅದು ಸವೆದ ಕಡೆ ತಾಮ್ರದ ಕೆಂಪು ಇಣುಕುತ್ತೆ. ನಿನ್ನ ಚಮಚಗಳಲ್ಲಿ ಸವೆದ ಕಡೆ ಹಳದಿ ಛಾಯೆಯ ಬೂದು ಕಾಣುತ್ತೆ, ನೋಡು.

ಮಲ್ಲೇದೇವರ ಹಳ್ಳಿ
ಅಷ್ಟೆಲ್ಲ ಯಾಕೆ, ಹಾಲ್‌ಮಾರ್ಕ್ ಸೆಂಟರಲ್ಲಿ ಎಕ್ಸ್‌ರೇ ಮಷಿನ್ ಇರುತ್ತೆ. ಇಟ್ಟರೆ ಒಂದು ನಿಮಿಷದಲ್ಲಿ ಶೇಕಡಾವಾರು ಹೇಳುತ್ತೆ.

ಅಕ್ಕಸಾಲಿ ಮನೆ (ಹಾಸನ)
ಹೇಳುತ್ತೆ, ಆದರೆ ಮೇಲ್ಮೈಯದು ಮಾತ್ರ. ದಪ್ಪ ಲೇಪ ಇದ್ದರೆ ಅದನ್ನೇ ಅಪ್ಪಟ ಬೆಳ್ಳಿ ಅಂತ ತೋರಿಸಿಬಿಡಬಹುದು. ಮಷಿನ್, ಮುದ್ರೆ ಎರಡೂ ಒಟ್ಟಿಗೆ ನೋಡಬೇಕು. ಅರದಿಂದ ಉಜ್ಜಿ ನೋಡ್ತೀನಿ, ಆಸಿಡ್ ಹನಿ ಹಾಕ್ತೀನಿ ಅಂದರೆ ಮಾತ್ರ ಬಿಡಬೇಡಿ. ಆ ಗಾಯ ಹೋಗಲ್ಲ.

ಗಾಜಿನ ಬಳೆ (ಚಿಕ್ಕಮಗಳೂರು)
ಎಲ್ಲರೂ ಬೆಳ್ಳಿ ಬೆಳ್ಳಿ ಅಂತ ಗಾಜನ್ನ ಮರೆತೇಬಿಟ್ಟರು. "ಗಾಜು ಬೇಕಾದ್ರೆ ಬಿಟ್ಟು ಹೋಗಿ" ಅಂದದ್ದು ಓದಿ ನನಗೆ ಹೊಟ್ಟೆ ಉರೀತು.

ಅಕ್ಕಾ, ಲೋಟದ ಗೆರೆಗಳ ಅಂಚಿನ ಮೇಲೆ ಬೆರಳ ತುದಿ ಆಡಿಸಿ. ಚೂಪಾಗಿ ತಾಗಿದರೆ ಚಕ್ರಕ್ಕೆ ಹಿಡಿದು ಕೊರೆದದ್ದು. ಅಂಚು ಮೊಂಡಾಗಿ ಸಾಬೂನಿನ ಹಾಗೆ ಜಾರಿದರೆ, ಪಕ್ಕದಲ್ಲಿ ಉದ್ದಕ್ಕೆ ಒಂದು ಸಣ್ಣ ಏಣು ಇದ್ದರೆ, ಅದು ಅಚ್ಚಿನಲ್ಲಿ ಒತ್ತಿದ್ದು; ಅಮೆರಿಕದಲ್ಲಿ 1820ರ ದಶಕದಲ್ಲಿ ಶುರುವಾದ ಅಗ್ಗದ ವಿಧಾನ. ಆಮೇಲೆ ಲೋಟವನ್ನ ಅಂಗೈ ಮೇಲಿಟ್ಟು ಬಾಯಂಚನ್ನ ಉಗುರಿಂದ ಮೆಲ್ಲಗೆ ತಟ್ಟಿ. ಸೀಸ ಬೆರೆತ ಗಾಜಾದರೆ ದೇವಸ್ಥಾನದ ಸಣ್ಣ ಗಂಟೆ ಹಾಗೆ ನಾದ ನಿಲ್ಲುತ್ತೆ. ಮಾಮೂಲಿ ಗಾಜು ಟಕ್ ಅಂತ ಸುಮ್ಮನಾಗುತ್ತೆ. ತೂಕವೂ ಜಾಸ್ತಿ.

ಸೀಸದ ಗಾಜಿನ ಕಥೆ ಜಾರ್ಜ್ ರೇವನ್ಸ್‌ಕ್ರಾಫ್ಟ್ ಅನ್ನೋ ಇಂಗ್ಲಿಷಿನವನಿಂದ, 1674ರಲ್ಲಿ ಪೇಟೆಂಟ್ ತಗೊಂಡ. ಸೀಸ ಬೆರೆತರೆ ಗಾಜು ಮೃದು ಆಗುತ್ತೆ, ಕೊರೆಯೋಕೆ ಬಗ್ಗುತ್ತೆ, ಬೆಳಕನ್ನ ಹೆಚ್ಚು ಬಾಗಿಸುತ್ತೆ. ಕೊರೆಯೋ ಕೆಲಸ ಹೇಗಿತ್ತು ಗೊತ್ತಾ? ಮೊದಲು ತಿರುಗೋ ಕಬ್ಬಿಣದ ಚಕ್ರಕ್ಕೆ ಮರಳು ನೀರು ತೊಟ್ಟಿಕ್ಕಿಸ್ತಾ ಆಳದ ಗೆರೆ, ಆಮೇಲೆ ಕಲ್ಲಿನ ಚಕ್ರಕ್ಕೆ ಹಿಡಿದು ನಯ, ಕೊನೆಗೆ ಮರದ ಚಕ್ರದಲ್ಲಿ ಹೊಳಪು. ಚಕ್ರ ಪಾತ್ರೆಯ ಆ ಕಡೆ ಇರುತ್ತೆ, ಕೆಲಸಗಾರ ಗಾಜಿನ ಒಳಗಿಂದಲೇ ನೋಡ್ತಾ ಕೊರೀಬೇಕು. ಒಂದು ಸಲ ಕೈ ತಪ್ಪಿದರೆ ಮುಗೀತು. ಅಂಥದ್ದು ಆರು ಲೋಟ, ಒಂದೂ ಒಡೆಯದೆ ಮೂಡಿಗೆರೆ ಅಟ್ಟದಲ್ಲಿ ಇಷ್ಟು ಮಳೆಗಾಲ ಕಳೆದಿದೆ. ಅದನ್ನ ಬಿಟ್ಟು ಬರೋದಾ!

ಬೇಲೂರು ಬಸ್ ಸ್ಟ್ಯಾಂಡ್
ಇದು ಬೆಲ್ಜಿಯಂ ಗ್ಲಾಸ್. ಹಳೇ ಬಂಗಲೆಗಳಲ್ಲಿ ಎಲ್ಲ ಬೆಲ್ಜಿಯಂದೇ.

ಗಾಜಿನ ಬಳೆ (ಚಿಕ್ಕಮಗಳೂರು)
ನಮ್ಮಲ್ಲಿ ಹಳೇ ಕನ್ನಡಿ, ದೀಪ, ಲೋಟ ಎಲ್ಲಕ್ಕೂ ಬೆಲ್ಜಿಯಂ ಅಂತಲೇ ಹೆಸರು. ಬೆಲ್ಜಿಯಂನಲ್ಲಿ ವಾಲ್ ಸೇಂಟ್ ಲ್ಯಾಂಬರ್ಟ್ ಅಂತ 1826ರಿಂದ ದೊಡ್ಡ ಕಾರ್ಖಾನೆ ಇದ್ದದ್ದು ನಿಜ. ಆದರೆ ನಮ್ಮ ದೇಶಕ್ಕೆ ಬಂದ ಕಟ್ ಗ್ಲಾಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯದು ಬಹಳ ಇತ್ತು, ಕಲ್ಕತ್ತೆಯಲ್ಲೇ ಅವರ ಅಂಗಡಿ ಇತ್ತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ 27 ಅಡಿ ಎತ್ತರದ ಗಾಜಿನ ಕಾರಂಜಿ ನಿಲ್ಲಿಸಿದ್ದು ಅವರೇ. ಇನ್ನು ಬೊಹೀಮಿಯ, ಫ್ರಾನ್ಸಿನ ಬಕಾರಾ, ಐರ್ಲೆಂಡಿನ ವಾಟರ್‌ಫೋರ್ಡ್ ಎಲ್ಲ ಇವೆ. ಗಾಜಿಗೆ ಬೆಳ್ಳಿ ಹಾಗೆ ಕಡ್ಡಾಯ ಮುದ್ರೆ ಇಲ್ಲ, ಹಾಗಾಗಿ ಫೋಟೋ ನೋಡಿದ ತಕ್ಷಣ ಊರು ಹೇಳೋದು ಆತುರ.

ಮನೆಮಗಳು (ಮೂಡಿಗೆರೆ)
ತಟ್ಟಿದೆ. ಐದು ಲೋಟ ನಾದ ಬಂತು, ಒಂದು ಟಕ್ ಅಂತು.

ಗಾಜಿನ ಬಳೆ (ಚಿಕ್ಕಮಗಳೂರು)
ಆ ಒಂದನ್ನ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆ ಬಿರುಕು ಇರಬಹುದು. ಅದಕ್ಕೆ ಬಿಸಿ ಏನೂ ಹಾಕಬೇಡಿ. ಉಳಿದವಕ್ಕೂ ಕುದಿಯೋ ನೀರು ಬೇಡ, ದಪ್ಪ ಗಾಜು ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಸೀಳುತ್ತೆ.

ಬಂಗಲೆ ಹಾದಿ (ಬಾಳೆಹೊನ್ನೂರು)
ನಾನು ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮಜ್ಜಿ ಇಂಥದ್ದೇ ಒಂದು ಬಂಗಲೆಯಲ್ಲಿ ಬೆಳ್ಳಿ ತಿಕ್ಕಿದವರು. ಅಜ್ಜಿಗೆ ಈಗ 90 ದಾಟಿದೆ. ಹನ್ನೆರಡೋ ಹದಿಮೂರೋ ವಯಸ್ಸಿಗೆ ಹೋಗಿದ್ದಂತೆ. ಬುಧವಾರ ಮಧ್ಯಾಹ್ನ ಬೆಳ್ಳಿ ದಿನ. ಬಟ್ಲರ್ ಹಳೇ ಕಂಬಳಿ ಹಾಸಿ ಎಲ್ಲ ಎಣಿಸಿ ಇಡೋರು, ಸಾಯಂಕಾಲ ಎಣಿಸಿ ತಗೊಳ್ಳೋರು. ಒಂದು ಸಲ ಒಂದು ಚಮಚ ಕಮ್ಮಿ ಬಂತು. ಆ ರಾತ್ರಿ ಕೂಲಿಯವರ ಲೈನ್ ಮನೆಗಳನ್ನೆಲ್ಲ ಹುಡುಕಿಸಿದರು, ಅಜ್ಜಿಯ ಅಪ್ಪನ ಪೆಟ್ಟಿಗೆಯನ್ನ ಅಂಗಳದಲ್ಲಿ ಸುರಿದರು. ಮೂರನೇ ದಿನ ಚಮಚ ಬಚ್ಚಲ ಮೋರಿಯಲ್ಲಿ ಸಿಕ್ಕಿತು. ಯಾರೂ ಬಂದು ತಪ್ಪಾಯ್ತು ಅನ್ನಲಿಲ್ಲ.

ಇದನ್ನ ಯಾಕೆ ಹೇಳಿದೆ ಅಂದರೆ, ಇಲ್ಲಿ ಎಲ್ಲರೂ 'ದೊರೆ ಬೆಳ್ಳಿ' ಅಂತಿದ್ದೀರಿ. ಆ ಹೊಳಪು ನಮ್ಮವರ ಕೈಯದು. ಹಾಗಂತ ಕರಗಿಸಿಬಿಡಿ ಅಂತ ಅಜ್ಜಿ ಹೇಳಲ್ಲ. ನಾನು ನಿಮ್ಮ ಪೋಸ್ಟಿನ ಫೋಟೋ ತೋರಿಸಿದೆ. ಪತ್ರ ಸಿಕ್ಕಿಸೋ ಸ್ಟ್ಯಾಂಡು ನೋಡಿದ ಕೂಡಲೇ "ಇದು ಸುಟ್ಟ ಬ್ರೆಡ್ಡು ನಿಲ್ಲಿಸೋದಲ್ವಾ, ಒಂದರ ಮೇಲೊಂದು ಇಟ್ಟರೆ ಬೆವರಿ ಮೆತ್ತಗಾಗುತ್ತೆ ಅಂತ" ಅಂದರು. ಬಿಲ್ಲೆಗಳನ್ನ ಬಾಟ್ಲಿ ಕೊರಳಿಗೆ ಹಾಕೋದು, ಯಾವುದರಲ್ಲಿ ಯಾವ ಸಾರಾಯಿ ಅಂತ ಗೊತ್ತಾಗೋಕೆ. ಉಪ್ಪಿನ ಬಟ್ಟಲಿಂದ ಉಪ್ಪು ದಿನಾ ರಾತ್ರಿ ತೆಗೆದು ಒರೆಸದಿದ್ದರೆ ಬಟ್ಲರ್ ಬೈತಿದ್ದರಂತೆ. ಉಪ್ಪು ಬೆಳ್ಳಿಯನ್ನ ತಿನ್ನುತ್ತೆ, ಅದಕ್ಕೇ ನೀಲಿ ಗಾಜು.

ಮನೆಮಗಳು (ಮೂಡಿಗೆರೆ)
ಅಕ್ಕಾ, ಇದನ್ನ ಓದಿ ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಅಜ್ಜಿಗೆ ನಮ್ಮ ನಮಸ್ಕಾರ ತಿಳಿಸಿ.

ರೊಬಸ್ಟಾ ರೈತ (ಸಕಲೇಶಪುರ)
ಬಂಗಲೆ ಹಾದಿಯವರೇ, ನಾನು 'ದೊರೆ ಪಾತ್ರೆ' ಅಂತ ಬರೆದದ್ದು ನಿಮ್ಮ ಮಾತು ಕೇಳಿದ ಮೇಲೆ ಸರಿ ಅನಿಸ್ತಿಲ್ಲ. ಮಾರೋ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ಗೊರೂರು ಹುಡುಗ
ತಿಕ್ಕೋದಕ್ಕೆ ಟೂತ್‌ಪೇಸ್ಟ್ ಬೆಸ್ಟು. ನಮ್ಮನೇಲಿ ದೀಪಾವಳಿಗೆ ಅದರಲ್ಲೇ.

ಕಾಫಿ ಹೂ (ಆಲ್ದೂರು)
ನಮ್ಮಲ್ಲಿ ವಿಭೂತಿ. ಹುಣಸೆಹಣ್ಣು ಹಿತ್ತಾಳೆಗೆ, ವಿಭೂತಿ ಬೆಳ್ಳಿಗೆ.

ಅಕ್ಕಸಾಲಿ ಮನೆ (ಹಾಸನ)
ಟೂತ್‌ಪೇಸ್ಟ್ ದಯವಿಟ್ಟು ಬೇಡ. ಅದರಲ್ಲಿರೋ ಪುಡಿ ಬೆಳ್ಳಿಗೆ ಗೀರು ಹಾಕುತ್ತೆ, ರಂಗೋಲಿ ಪುಡಿಯೂ ಅಷ್ಟೇ. ವಿಭೂತಿ ನಯವಾಗಿದ್ದರೆ ದೇವರ ಪಾತ್ರೆಗೆ ನಡೆಯುತ್ತೆ, ಆದರೆ ಸಣ್ಣ ಕೆತ್ತನೆ ಒಳಗೆ ಕೂತರೆ ತೆಗೆಯೋದು ಕಷ್ಟ.

ಕಪ್ಪು ಅಂದರೆ ಕೊಳೆ ಅಲ್ಲ, ಗಾಳಿಯಲ್ಲಿರೋ ಗಂಧಕ ಬೆಳ್ಳಿ ಜೊತೆ ಸೇರಿ ಆದದ್ದು. ತಿಕ್ಕಿದರೆ ಕಪ್ಪಿನ ಜೊತೆ ಒಂದು ಪದರ ಬೆಳ್ಳಿಯೂ ಹೋಗುತ್ತೆ. ಲೇಪದ ಚಮಚ ಬುಧವಾರ ಬುಧವಾರ ತಿಕ್ಕಿಯೇ ಸವೆದಿರೋದು.

ಮಲ್ಲೇದೇವರ ಹಳ್ಳಿ
ಅಲ್ಯೂಮಿನಿಯಂ ಫಾಯಿಲ್, ಬಿಸಿನೀರು, ಅಡುಗೆ ಸೋಡಾ. ತಿಕ್ಕೋದೇ ಬೇಡ, ಗಂಧಕ ಬೆಳ್ಳಿ ಬಿಟ್ಟು ಅಲ್ಯೂಮಿನಿಯಂಗೆ ಹೋಗುತ್ತೆ. ನಾನೇ ಮಾಡಿದ್ದೀನಿ, ಮ್ಯಾಜಿಕ್ ಥರ.

ಅಕ್ಕಸಾಲಿ ಮನೆ (ಹಾಸನ)
ರಸಾಯನ ಸರಿ, ಎಲ್ಲದಕ್ಕೂ ಅಲ್ಲ. ಸಕ್ಕರೆ ಬಟ್ಟಲಿನ ದೇವರುಗಳ ಸುತ್ತ ತಗ್ಗಿನಲ್ಲಿರೋ ಕಪ್ಪು ಬೇಕಾಗಿರೋದು; ಅದರಿಂದಲೇ ಉಬ್ಬು ಎದ್ದು ಕಾಣೋದು. ಅದ್ದಿದರೆ ಅದೂ ಹೋಗಿ ಬೋಳು ಬೋಳಾಗುತ್ತೆ. ಚಾಕುಗಳ ಹಿಡಿಕೆ ಒಳಗೆ ರಾಳ ತುಂಬಿರ್ತಾರೆ, ಬಿಸಿನೀರಿಗೆ ಬಿದ್ದರೆ ಅಲುಗು ಸಡಿಲ. ಪಾಟಿಗೆ ಬಿಳೀ ಉಂಗುರ ಇದೆ ಅಂದಳಲ್ಲ, ಅದೂ ಬಿಸಿನೀರಲ್ಲಿ ಅದ್ದೋ ಹಾಗಿಲ್ಲ. ಉಗುರುಬೆಚ್ಚನೆ ನೀರು, ಸೌಮ್ಯ ಸೋಪು, ಹತ್ತಿ ಬಟ್ಟೆ, ತಕ್ಷಣ ಒಣಗಿಸೋದು. ಅಷ್ಟು ಸಾಕು. ಕಟ್ಟಿಡೋಕೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕದಿಂದ ಕಪ್ಪು ಬರೆ ಬೀಳುತ್ತೆ.

ಘಟ್ಟದ ಮೇಲೆ (ಕೊಪ್ಪ)
ಇಷ್ಟೆಲ್ಲ ಆಯ್ತು, ಆ ಪಾಟಲ್ಲಿ ಕಾಫಿ ಮಾಡಬಹುದಾ ಮಾರಾಯ್ರೇ? ಕಾಫಿ ತೋಟದ ಬಂಗಲೆಯಲ್ಲಿ ಕೂತು ಟೀ ಕುಡಿದದ್ದೇ ನನಗೆ ಅರ್ಥ ಆಗದ ವಿಷಯ.

ಕಾಫಿ ಹೂ (ಆಲ್ದೂರು)
ಕಾಫಿಗೆ ಉದ್ದ ಪಾಟು ಬೇರೆ ಇರುತ್ತೆ. ನಮಗೆ ಬೆಳ್ಳಿ ಲೋಟ ಬಟ್ಟಲೇ ಸರಿ, ತುಟಿ ಸುಟ್ಟರೂ.

ಇತಿಹಾಸ ಮೇಷ್ಟ್ರು (ಹಾಸನ)
ಸಕ್ಕರೆ ಬಟ್ಟಲಿನ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನ ಕಣ್ಣಿಗೆ ಆ ಟ್ರಂಕಿನಲ್ಲಿ ಅದೇ ಮುಖ್ಯವಾದ ವಸ್ತು.

ಪಿ. ಓರ್ ಅಂಡ್ ಸನ್ಸ್ ಮದ್ರಾಸಿನ ಮೌಂಟ್ ರೋಡಿನ ಹೆಸರಾಂತ ಗಡಿಯಾರ, ಬೆಳ್ಳಿ ಅಂಗಡಿ. ದೇವರ ಮೂರ್ತಿಗಳನ್ನ ಉಬ್ಬಿಸಿ ಮಾಡಿದ ಮದ್ರಾಸಿನ ಕೆಲಸಕ್ಕೆ ಇಂಗ್ಲಿಷರು ಸ್ವಾಮಿ ಬೆಳ್ಳಿ ಅಂತಲೇ ಹೆಸರಿಟ್ಟಿದ್ದರು. ಕಛ್‌ನವರದು ಬಳ್ಳಿ ಹೂವಿನ ಹೆಣಿಗೆ, ಲಕ್ನೋದು ಕಾಡು ಬೇಟೆ, ಕಾಶ್ಮೀರದ್ದು ಶಾಲಿನ ಚಿತ್ತಾರ. ಅಡಿ ತಿರುಗಿಸದೆಯೇ ಊರು ಹೇಳಬಹುದು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಸಿಕ್ಕ ಉಡುಗೊರೆಗಳಲ್ಲಿ ಓರ್ ಅವರ ಸ್ವಾಮಿ ಬೆಳ್ಳಿಯೂ ಇತ್ತು.

ಇದಕ್ಕೆ ಸಿಂಹ ಇಲ್ಲ ಅಂತ ಕಡೆಗಣಿಸಬೇಡಿ. ಬ್ರಿಟಿಷ್ ಭಾರತದಲ್ಲಿ ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ ಒತ್ತೋ ಕಚೇರಿ ಇರಲಿಲ್ಲ, ಅಂಗಡಿಯ ಹೆಸರೇ ಭರವಸೆ. ಬೆಳ್ಳಿಗೆ ಎಷ್ಟೋ ಸಲ ರೂಪಾಯಿ ನಾಣ್ಯವನ್ನೇ ಕರಗಿಸ್ತಿದ್ದರು. ಆಗಿನ ರೂಪಾಯಿ 11.66 ಗ್ರಾಂ ತೂಕ, ನೂರಕ್ಕೆ 91.7 ಭಾಗ ಬೆಳ್ಳಿ. ಮೇಲಿನ ಹೆಸರು ಇಂಗ್ಲಿಷ್ ಅಂಗಡಿಯದು, ತಟ್ಟಿದ ಕೈ ನಮ್ಮ ದಕ್ಷಿಣದ ಆಚಾರಿಗಳದು. ಅವರ ಹೆಸರು ಅಡಿಯಲ್ಲಿಲ್ಲ. ಬೇಲೂರಿನ ಕಲ್ಲಿನಲ್ಲಿ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದಾರೆ, ಎಂಟು ನೂರು ವರ್ಷ ದಾಟಿದರೂ ಓದಬಹುದು. ಈ ಬಟ್ಟಲು ತಟ್ಟಿದವರಿಗೆ ಆ ಭಾಗ್ಯ ಸಿಗಲಿಲ್ಲ. ಇರೋ ಒಂದು ಬಟ್ಟಲನ್ನೂ ಕರಗಿಸಿದರೆ ಅವರ ಗುರುತು ಪೂರ್ತಿ ಅಳಿಸಿದ ಹಾಗೆ.

ಅಕ್ಕಸಾಲಿ ಮನೆ (ಹಾಸನ)
ಮೇಷ್ಟ್ರೇ, ಈ ಮಾತಿಗೆ ನಾನು ಕೈ ಮುಗಿದೆ. ಒಳಗಿಂದ ರಾಳದ ಮೇಲೆ ಕೂರಿಸಿ ಉಬ್ಬು ತಟ್ಟೋ ಕೆಲಸ ನಮ್ಮ ತಂದೆಗೆ ಬರ್ತಿತ್ತು. ನನಗೆ ಪೂರ್ತಿ ಬರಲಿಲ್ಲ.

ಕರಿ ಕೋಟು (ಚಿಕ್ಕಮಗಳೂರು)
ಎರಡು ಕಾನೂನು ವಿಷಯ, ಯಾರೂ ಎತ್ತದೇ ಇರೋದರಿಂದ.

ಒಂದು, ಪಾಟಿನ ಬಿಳೀ ಉಂಗುರ. ಹಿಡಿಕೆಗೆ ಶಾಖ ಏರಬಾರದು ಅಂತ ಆಗ ಅಲ್ಲಿ ದಂತ ಕೂರಿಸ್ತಿದ್ದರು. ಚಾಕು ಹಿಡಿಕೆ ಬಿಳಿ ಇದ್ದರೆ ಅದನ್ನೂ ನೋಡಿ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕಿ ಗೀಟು ಕಾಣುತ್ತೆ, ದಂತವಾದರೆ ಕತ್ತರಿಸಿದ ತುದಿಯಲ್ಲಿ ಒಂದರ ಮೇಲೊಂದು ಹಾದ ಬಾಗಿದ ಗೆರೆಗಳ ಜಾಲ. ದಂತ ಅಂತಾದರೆ ಮಾರೋದು, ಕೊಳ್ಳೋದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಎಷ್ಟು ಹಳೇದಾದರೂ. ಅಂಗಡಿಗೆ ಕೊಡೋ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿ.

ಎರಡು, 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ. 100 ವರ್ಷ ದಾಟಿದ ಕಲೆ ಕುಶಲಕರ್ಮದ ವಸ್ತು ಖಾಸಗಿಯಾಗಿ ಹೊರದೇಶಕ್ಕೆ ಕಳಿಸೋ ಹಾಗಿಲ್ಲ. "ಲಂಡನ್ನಿನಲ್ಲಿ ಹರಾಜು ಹಾಕಿಸ್ತೀನಿ, ಕೊಡಿ" ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಮನೆಯಲ್ಲಿ ಇಟ್ಟುಕೊಂಡು ಬಳಸೋಕೆ ಅಡ್ಡಿ ಇಲ್ಲ.

ರೊಬಸ್ಟಾ ರೈತ (ಸಕಲೇಶಪುರ)
ತೂಕದ ವಿಷಯ ಬಂದದ್ದಕ್ಕೆ ನನ್ನದೂ ಒಂದು ಹೇಳ್ತೀನಿ. ಹತ್ತು ವರ್ಷದ ಹಿಂದೆ ನಮ್ಮ ಮಾವನವರ ಮನೆಯಿಂದ ಒಂದು ಜೊತೆ ಬೆಳ್ಳಿ ಮೇಣದಬತ್ತಿ ಕಂಬ ಮಾರೋಕೆ ಹೋಗಿದ್ವಿ. ಎತ್ತಿದರೆ ಭಾರ. ಅಂಗಡಿಯಲ್ಲಿ ಸುತ್ತಿಗೆ ತಗೊಂಡು ನಮ್ಮ ಮುಂದೆಯೇ ಜಜ್ಜಿದರು. ಒಳಗೆಲ್ಲ ರಾಳ, ನಡುವೆ ಕಬ್ಬಿಣದ ಸಲಾಕೆ, ಬೆಳ್ಳಿ ಅನ್ನೋದು ಮೇಲಿನ ಸಿಪ್ಪೆ ಅಷ್ಟೇ. ಕೈಗೆ ಬಂದ ಬೆಳ್ಳಿ ಒಂದು ಕೈಹಿಡಿ. ಆಮೇಲೆ ಗೊತ್ತಾಯ್ತು, ಕಂಬ ಉರುಳಬಾರದು ಅಂತ ಹಾಗೇ ತುಂಬಿ ಮಾಡ್ತಿದ್ದರು, ಜಜ್ಜದೆ ಇಡಿಯಾಗಿ ಮಾರಿದ್ದರೆ ಹಲವು ಪಟ್ಟು ಬರ್ತಿತ್ತು ಅಂತ. ಅತ್ತೆ ಅವತ್ತು ಆ ಜಜ್ಜಿದ ತಗಡು ನೋಡಿ ಅತ್ತಿದ್ದು ಈಗಲೂ ನೆನಪಿದೆ. ಆದ್ದರಿಂದ ಮಾರಿದರೂ ಓದಿ ತಿಳಿದು ಮಾರಿ ತಾಯಿ. ಇಷ್ಟಕ್ಕೆ ನಾನೂ ಬಂದೆ.

ಮನೆಮಗಳು (ಮೂಡಿಗೆರೆ)
ಎಲ್ಲರಿಗೂ ಹೇಳಬೇಕಾದ್ದು. ಶನಿವಾರ ಅಂಗಡಿಗೆ ಹೋಗಲಿಲ್ಲ. ಅಣ್ಣಂದಿರಿಬ್ಬರನ್ನೂ ಕೂರಿಸಿ ಈ ಮಾತುಕತೆ ಪೂರ್ತಿ ಓದಿಸಿದೆ. ದೊಡ್ಡಣ್ಣ ಮೊದಲು ಸಿಟ್ಟಾದ. ಆಮೇಲೆ ಭೂತಗನ್ನಡಿ ಅವನೇ ಕಿತ್ತುಕೊಂಡು ಸಿಂಹ ನೋಡ್ತಾ ಕೂತ.

ಮುಳ್ಳು ಚಮಚ, ಚಾಕು ಮೂರು ಮನೆಗೂ ಹಂಚಿಕೊಂಡಿದ್ದೀವಿ, ಬಳಸೋಕೆ. ಉಪ್ಪಿನ ಬಟ್ಟಲು ನಾಲ್ಕನ್ನ ಬೇರೆ ಮಾಡಲ್ಲ. ಟೀ ಪಾಟು, ಓರ್ ಬಟ್ಟಲು ಅಮ್ಮನ ಹತ್ತಿರ, ಅಮ್ಮ ಇರೋವರೆಗೂ ಅದರ ಮಾತೇ ಇಲ್ಲ. ಉಂಗುರದಲ್ಲಿ ಗೆರೆಗಳ ಜಾಲ ಕಾಣುತ್ತೆ, ಹಾಗಾಗಿ ಅರಣ್ಯ ಇಲಾಖೆಗೆ ಸೋಮವಾರ ಹೋಗ್ತೀವಿ. ಬ್ರೆಡ್ ಸ್ಟ್ಯಾಂಡು ಅಪ್ಪನ ಮೇಜಿಗೇ ವಾಪಸ್ ಹೋಯ್ತು, ಕರೆಂಟ್ ಬಿಲ್ ಸಿಕ್ಕಿಸೋಕೆ.

ಈಗ ಉಳಿದಿರೋದು ಸೀಸೆ ಮುಚ್ಚಳ. ಚಿಕ್ಕಣ್ಣ ಕೊಬ್ಬರಿ ಎಣ್ಣೆ ಹಾಕಿದ್ದಾನೆ, ಕದಲುತ್ತಿಲ್ಲ.

ಗಾಜಿನ ಬಳೆ (ಚಿಕ್ಕಮಗಳೂರು)
ಈ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಇನ್ನೂ ಬಿಗಿ ಆಗುತ್ತೆ ಅಕ್ಕಾ! ಒರೆಸಿ ತೆಗೆದು ಗ್ಲಿಸರಿನ್ ಇಲ್ಲವೇ ಹೊಲಿಗೆ ಮಷಿನ್ ಎಣ್ಣೆ ನಾಲ್ಕು ಹನಿ ಸುತ್ತ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಬೆಳಗ್ಗೆ ಮರದ ಸೌಟಿನ ಹಿಡಿಯಿಂದ ಮುಚ್ಚಳಕ್ಕೆ ಆ ಕಡೆ ಈ ಕಡೆ ಮೆಲ್ಲಗೆ ತಟ್ಟಿ. ತಿರುಚಬೇಡಿ, ಬೆಂಕಿಗೆ ತೋರಿಸಬೇಡಿ. ಬಂದರೆ ಮುಚ್ಚಳದ ಕಾಲು, ಸೀಸೆ ಬಾಯಿ ಎರಡರಲ್ಲೂ ಗೀರಿದ ಅಂಕಿ ಇದೆಯಾ ನೋಡಿ.

ಮನೆಮಗಳು (ಮೂಡಿಗೆರೆ)
ಮೂರು ರಾತ್ರಿ ಬೇಕಾಯ್ತು. ಇವತ್ತು ಬೆಳಗ್ಗೆ ಅಮ್ಮ ತಟ್ಟಿದಾಗ ಬಂತು. ಒಳಗಿಂದ ದ್ರಾಕ್ಷಿ ಕೊಳೆತ ಹಾಗೆ ಸಿಹಿ ವಾಸನೆ. ಅಂಕಿ ಇದೆ, ಎರಡರಲ್ಲೂ 7.

ಗಾಜಿನ ಬಳೆ (ಚಿಕ್ಕಮಗಳೂರು)
ಹಾಗಾದರೆ ಅದರ ಜೊತೆಗೇ ಹುಟ್ಟಿದ ಮುಚ್ಚಳ. ತೊಳೆದು ತಲೆಕೆಳಗು ಮಾಡಿ ಎರಡು ದಿನ ಒಣಗಿಸಿ. ತೇವ ಇರುವಾಗ ಮುಚ್ಚಬೇಡಿ, ಒಳಗೆ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತೆ. ಇಡುವಾಗ ನಡುವೆ ಒಂದು ತೆಳ್ಳನೆ ಕಾಗದದ ಚೂರು ಇರಲಿ. ಕುಡಿಯೋದನ್ನ ಅದರಲ್ಲಿ ದಿನಗಟ್ಟಲೆ ತುಂಬಿಡಬೇಡಿ, ಗಾಜಿನ ಸೀಸ ಇಳಿಯುತ್ತೆ.

ಮನೆಮಗಳು (ಮೂಡಿಗೆರೆ)
ಸರಿ ಅಕ್ಕಾ. ಕಾಗದ ಇಟ್ಟೆ.